ಖಾಸಿಂಬೀ ಹೇಳಿದ ದಿನ

ಬಸ್ಸು ಸಿಂಧನೂರು ಬಿಟ್ಟು ಮುಕ್ಕಾಲು ಗಂಟೆಯಾಗಿತ್ತು. ಹಂಪಣ್ಣ ಕೇಳಬೇಕೆಂದುಕೊಂಡಿದ್ದ ಮಾತು ಇನ್ನೂ ಗಂಟಲಲ್ಲೇ ಇತ್ತು. ಪಕ್ಕದಲ್ಲಿ, ಕಿಟಕಿಯ ಕಡೆ, ಖಾಸಿಂಬೀ ಕೂತಿದ್ದಳು. ಎಪ್ಪತ್ತರ ಹತ್ತಿರದ ಮುದುಕಿ, ತೊಡೆಯ ಮೇಲೆ ಬಟ್ಟೆಯ ಗಂಟು, ಗಂಟಿನ ಮೇಲೆ ಎರಡೂ ಕೈ. ಅವನನ್ನು ಈ ಲೋಕಕ್ಕೆ ಎಳೆದುಕೊಂಡ ಕೈಗಳು ಅವು. ಅವನನ್ನೊಬ್ಬನನ್ನೇ ಅಲ್ಲ, ಮಸ್ಕಿಯ ಅರ್ಧ ಊರನ್ನು ಎಳೆದುಕೊಂಡ ಸೂಲಗಿತ್ತಿಯ ಕೈಗಳು. ಈಗ ಅವಳಿಂದ ಇನ್ನೊಂದು ಕೆಲಸ ಆಗಬೇಕಿತ್ತು. ಲಿಂಗಸುಗೂರಿನ ತಹಸೀಲ್ದಾರರ ಮುಂದೆ ನಿಂತು, ಹಂಪಣ್ಣ ಹುಟ್ಟಿದ್ದು ಮೊಹರಮ್ಮಿನ ಅಲಾಯಿ ಹಬ್ಬ ಮುಗಿದ ಮೂರನೆಯ ದಿನ ಎಂದು ಅವಳು ಹೇಳಬೇಕು. ಹಬ್ಬದ ದಿನವೇ ಎಂದರೆ ಕೆಟ್ಟಿತು. ಹಿಂದಿನ ದಿನ ಎಂದರಂತೂ ಮುಗಿದೇ ಹೋಯಿತು. ಮೂರನೆಯ ದಿನ ಎಂದರೆ ಹೈದರಾಬಾದಿನ ಟ್ರಸ್ಟು ಮೂರು ವರ್ಷ ಅವನ ಸಂಶೋಧನೆಯ ಖರ್ಚು ಹೊರುತ್ತದೆ, ಅವನು ಡಾಕ್ಟರೇಟಿಗೆ ಕೂರಬಹುದು. ಇಲ್ಲವೆಂದರೆ ಮಸ್ಕಿಯಲ್ಲಿ ಅಪ್ಪನ ಕಿರಾಣಿ ಅಂಗಡಿಯ ಗಲ್ಲಾದ ಮುಂದೆ ಕೂರಬೇಕು. ಹೇಳುವುದಕ್ಕೆ ಒಂದೇ ಮಾತು. ಅವ್ವಾ, ಮೂರನೇ ದಿನ ಅನ್ನು. ಆ ಒಂದು ಮಾತನ್ನು ಅವನು ಬೆಳಗಿನಿಂದ ಎಂಟು ಸಲ ಬಾಯಿಯವರೆಗೆ ತಂದು ಎಂಟು ಸಲ ನುಂಗಿದ್ದ.

ಎರಡು ವರ್ಷದಿಂದ ಅವನು ನುಂಗಿದ್ದು ಬರೀ ಮಾತನ್ನಲ್ಲ. ಎಂ.ಎ. ಮುಗಿದಾಗ ಪ್ರೊಫೆಸರರು ಬೆನ್ನು ತಟ್ಟಿ, ನಿಮ್ಮ ಸೀಮೆಯ ದಾನಶಾಸನಗಳ ಮೇಲೆ ಕೆಲಸ ಮಾಡು, ನಿನ್ನಂಥವನು ಮಾಡದಿದ್ದರೆ ಯಾರೂ ಮಾಡುವುದಿಲ್ಲ ಎಂದಿದ್ದರು. ಬೆನ್ನು ತಟ್ಟುವುದಕ್ಕೆ ಖರ್ಚಿಲ್ಲ. ಕಲ್ಲಿನ ಮೇಲೆ ಒದ್ದೆ ಕಾಗದ ಬಡಿದು ಮಸಿ ಹಚ್ಚಿ ಅಚ್ಚು ತೆಗೆಯುತ್ತ ಊರೂರು ತಿರುಗುವುದಕ್ಕೆ, ಹೈದರಾಬಾದಿನಲ್ಲಿ ಮೂರು ವರ್ಷ ಉಣ್ಣುವುದಕ್ಕೆ ಖರ್ಚಿದೆ. ಸರಕಾರದ ದಫ್ತರದಲ್ಲಿ ಇಂಜಿನಿಯರಿಕೆಗೆ ಕೊಡುತ್ತೇವೆ, ಡಾಕ್ಟರಿಕೆಗೆ ಕೊಡುತ್ತೇವೆ, ಇತಿಹಾಸಕ್ಕೆ ಕಲಮು ಇಲ್ಲ ಎಂದರು. ಗುರುಗುಂಟಾದ ಅಮರಗುಂಡಪ್ಪ ಸಾಹುಕಾರರು ಕೈಲಾದ್ದು ಮಾಡೋಣ ಎಂದು ಮನೆಯಲ್ಲಿಟ್ಟುಕೊಂಡು, ನಾಲ್ಕು ದಿನ ತಮ್ಮ ಹಳೆಯ ಉರ್ದು ಕೋರ್ಟು ಕಾಗದಗಳನ್ನೆಲ್ಲ ಅವನಿಂದ ಓದಿಸಿಕೊಂಡು, ಐದನೆಯ ದಿನ ಊಟಕ್ಕೆ ಕೂತಾಗ ಕೇಳಿದರು: ಸಾವಿರ ವರ್ಷದ ಹಿಂದೆ ಯಾರೋ ಗುಡಿಗೆ ಎಣ್ಣೆ ಕೊಟ್ಟರೆ ಅದನ್ನು ಈಗ ತಿಳಿದುಕೊಂಡು ಯಾರಿಗೇನು? ಎರಡನೆಯ ಸಲ ತುಪ್ಪ ಬಡಿಸಲು ಬಂದ ಅವರ ಹೆಂಡತಿಗೆ ಬೇಡವೆನ್ನಲೂ ಆಗದೆ ಅವನು ತಲೆ ತಗ್ಗಿಸಿ ಉಂಡಿದ್ದ. ಆ ತುಪ್ಪದ ರುಚಿ ಈಗಲೂ ನೆನಪಿದೆ, ತುಪ್ಪ ಬಲು ಚೆನ್ನಾಗಿತ್ತು, ಅವನಿಗೆ ಸಿಟ್ಟು ಬರುವುದೂ ಅದಕ್ಕೇ.

ಕಡೆಗೆ ಈ ಟ್ರಸ್ಟು ಸಿಕ್ಕಿತು. ಪರೀಕ್ಷೆಯಾಯಿತು, ಸಂದರ್ಶನವಾಯಿತು, ಆರು ಮಂದಿಯಲ್ಲಿ ಅವನೇ ಎಂದು ಪ್ರೊಫೆಸರರ ಕಾಗದವೂ ಬಂತು. ಅದರ ಹಿಂದೆಯೇ ಟ್ರಸ್ಟಿನ ಗುಮಾಸ್ತನ ಕಾಗದ. ಬರುವ ಜುಲೈ ಒಂದಕ್ಕೆ ಇಪ್ಪತ್ತೈದು ತುಂಬಿರಬಾರದೆಂಬ ನಿಯಮವಿದೆ, ತಮ್ಮ ಶಾಲೆಯ ದಾಖಲೆಯಂತೆ ತಮಗೆ ಇಪ್ಪತ್ತಾರು ನಡೆಯುತ್ತಿದೆ. ಶಾಲೆಯ ದಾಖಲೆಯಲ್ಲಿ ಇದ್ದದ್ದು ಇಷ್ಟೇ: ಹುಟ್ಟಿದ್ದು ಫಸಲಿ ೧೩೩೭. ನಿಜಾಮನ ಕಾಲದ ದಫ್ತರಗಳೆಲ್ಲ ಫಸಲಿ ವರ್ಷದ ಮೇಲೆ ನಡೆಯುತ್ತಿದ್ದವು. ಅದು ಅಕ್ಟೋಬರಿನಲ್ಲಿ ಶುರುವಾಗುವ ವರ್ಷ. ಇಂಗ್ಲಿಷ್ ಇಸವಿ ತಿಳಿಯಲು, ಹುಟ್ಟಿದ್ದು ದೀಪಾವಳಿಯ ಹೊತ್ತಿಗಾದರೆ ಐನೂರ ತೊಂಬತ್ತು ಕೂಡಿಸಬೇಕು, ಸಂಕ್ರಾಂತಿ ದಾಟಿದ್ದರೆ ತೊಂಬತ್ತೊಂದು. ಗುಮಾಸ್ತ ಕಣ್ಣುಮುಚ್ಚಿ ತೊಂಬತ್ತು ಕೂಡಿಸಿ ಅವನಿಗೆ ಒಂದು ವರ್ಷ ದಾನ ಮಾಡಿದ್ದ. ಇದನ್ನು ಬಿಡಿಸಿ ಹೇಳುವುದು ಸುಲಭವೆಂದುಕೊಂಡು ಹಂಪಣ್ಣ ಅಪ್ಪ ಸೂಗಪ್ಪನನ್ನು ಯಾವಾಗ ಹುಟ್ಟಿದೆ ಎಂದು ಕೇಳಿದ. ಅಲಾಯಿ ಆಜೂಬಾಜೂಕ ಅಂದ ಅಪ್ಪ. ಹಳೆಯ ಜಂತ್ರಿ ಪಂಚಾಂಗ ತೆಗೆದು ನೋಡಿದರೆ ಆ ವರ್ಷ ಹಬ್ಬ ಮುಗಿದು ಅಲಾಯಿ ದೇವರು ಹಳ್ಳಕ್ಕೆ ಹೋದದ್ದು ೧೯೨೮ರ ಜೂನ್ ಮೂವತ್ತಕ್ಕೆ. ಹಬ್ಬ ಕಳೆದು ಜುಲೈ ಎರಡಕ್ಕೋ ಆಮೇಲೋ ಹುಟ್ಟಿದ್ದರೆ ಬದುಕಿದ, ಅದಕ್ಕೆ ಮೊದಲು ಹುಟ್ಟಿದ್ದರೆ ಒಂದೆರಡು ದಿನಕ್ಕೆ ಎಲ್ಲ ಹೋಯಿತು. ಊರೂರ ರಾಜರ ತಿಥಿವಾರ ನಕ್ಷತ್ರ ಹಿಡಿದು ಹೇಳುವವನಿಗೆ ತಾನು ಹುಟ್ಟಿದ ದಿನ ಗೊತ್ತಿಲ್ಲ. ತಹಸೀಲ್ದಾರರ ದಾಖಲೆ ತರಬೇಕು, ಅದಕ್ಕೆ ಹೆರಿಗೆಯಲ್ಲಿದ್ದವರ ಸಾಕ್ಷಿ ಬೇಕು, ನೆಂಟರ ಸಾಕ್ಷಿ ನಡೆಯುವುದಿಲ್ಲ. ಹೆತ್ತ ಅವ್ವ ತೀರಿಕೊಂಡು ಏಳು ವರ್ಷ. ಉಳಿದವಳು ಖಾಸಿಂಬೀ ಒಬ್ಬಳೇ, ಅವಳು ಮಸ್ಕಿ ಬಿಟ್ಟು ಐದು ವರ್ಷವಾಗಿತ್ತು. ಗೊರೇಬಾಳದಲ್ಲಿ ಮಗಳು ಜೈನಾಬೀಯ ಜೊತೆ ಇದ್ದಾಳೆ ಎಂದು ಯಾರೋ ಹೇಳಿದರು.

ಟ್ರಸ್ಟು ಕೊಟ್ಟ ಹದಿನೈದು ದಿನದ ಗಡುವಿನಲ್ಲಿ ಒಂಬತ್ತು ದಿನ ಅವನು ಗೊರೇಬಾಳಕ್ಕೆ ಹೋಗಲೇ ಇಲ್ಲ. ಹತ್ತನೆಯ ದಿನ ಹೋದ. ಕಾಲುವೆ ತೋಡುವವರ ಕ್ಯಾಂಪಿನ ಪಕ್ಕ ಒಂದು ಗುಡಿಸಲು. ಮುದುಕಿ ಬಾಗಿಲಲ್ಲಿ ಕೂತು ಯಾವುದೋ ಕೂಲಿಯವಳ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವನನ್ನು ನೋಡಿ, ಹಂಪಣ್ಣ ಏನೋ, ಎಷ್ಟು ಸೊರಗೀದಿ ಅಂದಳು. ಅವನು ಹೇಳಬೇಕಾದ್ದನ್ನೆಲ್ಲ ಹೇಳಿದ, ಟ್ರಸ್ಟು, ಡಾಕ್ಟರೇಟು, ತಹಸೀಲ್ದಾರ. ಡಾಕ್ಟರಾದ ಮೇಲೆ ಸೂಜಿ ಹಾಕ್ತೀಯೇನು ಎಂದು ಒಂದೇ ಪ್ರಶ್ನೆ ಕೇಳಿದಳು. ಇಲ್ಲವ್ವ, ಹಳೆಯ ಕಲ್ಲಿನ ಬರಹ ಓದೋದು ಅಂದಾಗ, ಯಾರು ಏನು ಕೊಟ್ಟರು ಅಂತ ಬರ್ದಿರ್ತದಲ್ಲ ಅದಾ, ಅದು ಚಲೋ ಕೆಲಸ, ಕೊಟ್ಟದ್ದು ಯಾರಿಗೂ ನೆನಪಿರಂಗಿಲ್ಲ ಅಂದಳು. ಅಮರಗುಂಡಪ್ಪ ಸಾಹುಕಾರರಿಗೆ ನಾಲ್ಕು ದಿನ ಹೇಳಿ ತಿಳಿಸಲಾಗದ್ದನ್ನು ಇವಳು ಕೂಸಿನ ಬೆನ್ನು ತಿಕ್ಕುತ್ತಲೇ ತಿಳಿದುಕೊಂಡಿದ್ದಳು. ಯಾವತ್ತು ಹೋಗೋದು ಎಂದಳು, ಅಷ್ಟೇ. ಅವನಿಗೆ ಅಳು ಬಂದಂತಾಯಿತು.

ಬಸ್ಸು ಮಸ್ಕಿಯಲ್ಲಿ ನಿಂತಿತು. ನಿಲ್ಲುತ್ತದೆಂದು ಅವನಿಗೆ ಗೊತ್ತೇ ಇತ್ತು. ಬಜಾರಿನ ಬಾಯಿ, ಅಪ್ಪನ ಅಂಗಡಿ, ಅಂಗಡಿಯ ಹಿಂದೆ ಮನೆಯ ಬಾಗಿಲು. ಖಾಸಿಂಬೀ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಗಂಟಿನ ಕಡೆ ನೋಡುತ್ತ ಕೂತಳು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು, ಅವಳು ಒಂದು ಸಲವೂ ಕಿಟಕಿಯ ಹೊರಗೆ ನೋಡಲಿಲ್ಲ. ಅವನು ಮಾತ್ರ ಬಾಗಿಲನ್ನೇ ನೋಡುತ್ತಿದ್ದ. ಐದು ವರ್ಷದ ಹಿಂದೆ, ನಿಜಾಮನ ರಾಜ್ಯ ಬಿದ್ದಾಗ, ಅವನಿಗೆ ಇಪ್ಪತ್ತು. ಗಲಾಟೆಯಲ್ಲಿ ಹೈದರಾಬಾದಿನ ಕಾಲೇಜು ಮುಚ್ಚಿತ್ತು, ಯಾರಿಗೂ ಕಾಣದ ಹಾಗೆ ಮನೆ ಸೇರಿದ್ದ, ಓದಿದ ಹುಡುಗರನ್ನು ಹಿಡಿಯುತ್ತಾರೆಂದು ಅಪ್ಪ ಅವನನ್ನು ಕಾಳಿನ ಚೀಲಗಳ ಕೋಣೆಯಲ್ಲಿ ಮುಚ್ಚಿಟ್ಟಿದ್ದ. ಮೊದಲು ರಜಾಕಾರರ ಭಯ, ಆಮೇಲೆ ಮಿಲಿಟರಿ ಬಂದ ಮೇಲೆ ಯಾರ ಭಯ ಎಂದೇ ತಿಳಿಯದ ಭಯ. ಆವತ್ತು ಮಧ್ಯಾಹ್ನ ನೀರು ಕುಡಿಯಲು ಪಡಸಾಲೆಗೆ ಬಂದಿದ್ದ. ಖಾಸಿಂಬೀಯಿದ್ದ ಮುಸಲ್ಮಾನರ ಓಣಿಯ ಕಡೆಯಿಂದ ಹೊಗೆ ಬರುತ್ತಿತ್ತು. ಬಾಗಿಲು ಬಡಿಯಿತು. ಹಂಪಣ್ಣನ ಅಪ್ಪಾ, ನಾನು, ಖಾಸಿಂಬೀ, ಎಂದಿತು ಧ್ವನಿ. ಅಡುಗೆಮನೆಯ ಬಾಗಿಲಲ್ಲಿ ಅಪ್ಪ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದ. ಎರಡನೆಯ ಸಲ ಬಡಿಯಿತು. ಹಂಪಣ್ಣನ ಅಪ್ಪಾ. ಆಮೇಲೆ ಬಹಳ ಹೊತ್ತು ಬಿಟ್ಟು, ಮೆಲ್ಲಗೆ, ಮೂರನೆಯ ಸಲ. ಅಪ್ಪ ಅಂಜುಬುರುಕ ಎಂದು ಐದು ವರ್ಷ ಅವನು ಒಳಗೊಳಗೇ ಬೈದಿದ್ದಾನೆ, ಆದರೆ ಅಪ್ಪ ಇದ್ದದ್ದು ಹತ್ತು ಹೆಜ್ಜೆ ದೂರ. ಚಿಲಕದ ಮೇಲೆ ಇದ್ದದ್ದು ಹಂಪಣ್ಣನ ಕೈ.

ಊರು ದಾಟಿದ ಮೇಲೆ ಅವಳು ಸೆರಗು ಹಿಂದೆ ಸರಿಸಿದಳು. ಈಗ ಕೇಳದಿದ್ದರೆ ಲಿಂಗಸುಗೂರೇ ಬಂದುಬಿಡುತ್ತದೆ ಎಂದು ಅವನು, ಅವ್ವಾ, ಸಾಹೇಬರು ದಿನ ಕೇಳಿದಾಗ, ಎಂದು ಶುರು ಮಾಡಿದ. ಅವಳು ಕೈ ಎತ್ತಿ ತಡೆದಳು.

"ನೀ ಏನೂ ಹೇಳಬ್ಯಾಡ. ಹೇಳಿಕೊಟ್ಟ ಮಾತು ನಂಗ ಆ ಹೊತ್ತಿಗೆ ಬಾಯಿಗೆ ಬರಂಗಿಲ್ಲ. ಇದ್ದದ್ದು ಇದ್ದಂಗ ಬರತೈತಿ."

ಇದ್ದದ್ದು ಏನು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು. ತನಗೆ ಬೇಡದ ದಿನವನ್ನು ಅವಳು ಹೇಳಿಬಿಟ್ಟರೆ ಬಸ್ಸಿನಿಂದ ಅವಳನ್ನು ಇಳಿಸಿಬಿಡುತ್ತಿದ್ದೆನೇ ಎಂದು ಯೋಚಿಸಿ, ಇಳಿಸುತ್ತಿದ್ದೆ ಎನ್ನಿಸಿ, ಅವನು ಮುಂದಿನ ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ತಹಸೀಲ್ದಾರರು ಬೀದರ ಕಡೆಯವರು, ಮೂಗಿನ ತುದಿಗೆ ಕನ್ನಡಕ. ಮುದುಕಿಗೆ ಸ್ಟೂಲು ಹಾಕಿಸಿದರು, ಅವಳು ಕೂರಲಿಲ್ಲ. ಹೆಸರು, ಗಂಡನ ಹೆಸರು, ವಾಸ, ಕಸುಬು ಕೇಳಿ ಬರೆದುಕೊಂಡು, ಈ ಹುಡುಗ ಹುಟ್ಟಿದ್ದು ಯಾವಾಗ ಎಂದರು. ಅಲಾಯಿ ದೇವರು ಹಳ್ಳಕ್ಕೆ ಹೋಗಿ ಮೂರನೆಯ ದಿನ, ಜಿಯಾರತ್ ದಿನ ಬೆಳಿಗ್ಗೆ, ಎಂದಳು ಖಾಸಿಂಬೀ. ತಡೆಯಲಿಲ್ಲ, ಮೇಲೆ ನೋಡಲಿಲ್ಲ. ತಹಸೀಲ್ದಾರರು ಕನ್ನಡಕದ ಮೇಲಿನಿಂದ ಹಂಪಣ್ಣನನ್ನು ನೋಡಿದರು. ಹುಡುಗ ಹೇಳಿಕೊಟ್ಟಾನೇನು ಎಂದರು.

"ಉಪ್ಪು ಐತಲ್ರೀ" ಅಂದಳು ಅವಳು.

ಅದು ಅವನಿಗೂ ಗೊತ್ತಿರಲಿಲ್ಲ. ಅವಳು ಹೇಳಿದ್ದು ಹೀಗೆ. ಅಲಾಯಿ ಹಬ್ಬಕ್ಕೆ ದೇವರ ಮುಂದೆ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಹರಕೆಯವರು ಅದಕ್ಕೆ ಉಪ್ಪು ಸುರಿಯುತ್ತಾರೆ. ಆಯಾ ವರ್ಷ ತಾನು ಹೆರಿಗೆ ಮಾಡಿಸಿದ ಒಂದೊಂದು ಕೂಸಿಗೂ ಅವಳು ಒಂದೊಂದು ಹಿಡಿ ಉಪ್ಪು ಹಾಕುತ್ತಿದ್ದಳು, ಮನೆಯ ಹೆಸರು ಹೇಳುತ್ತ, ಹುಟ್ಟಿದ ಸಾಲಿನಲ್ಲೇ, ಒಂದೂ ತಪ್ಪದ ಹಾಗೆ. ಅವಳ ಅತ್ತೆಯೂ ಹಾಗೇ ಮಾಡುತ್ತಿದ್ದಳಂತೆ. ಬದುಕಿದ್ದಕ್ಕೂ ಒಂದು ಹಿಡಿ, ಉಳಿಯದ್ದಕ್ಕೂ ಒಂದು ಹಿಡಿ. ದೇವರು ಹಳ್ಳಕ್ಕೆ ಹೋದ ಮೇಲೆ ಕುಣಿ ಮುಚ್ಚುತ್ತಾರೆ. ಹಂಪಣ್ಣ ಹುಟ್ಟಿದ ವರ್ಷದ ಕಡೆಯ ಉಪ್ಪು ಕರೆಮ್ಮನ ಮಗಳದು. ಕುಣಿ ಮುಚ್ಚಿ ಮೂರನೆಯ ದಿನ, ಜಿಯಾರತ್ತಿಗೆ ಮಾಡುವ ಸಿಹಿ ಚೊಂಗೆಯ ಹಿಟ್ಟು ಕೈಯಲ್ಲಿದ್ದಾಗ ಅಂಗಡಿ ಸೂಗಪ್ಪ ಓಡಿ ಬಂದ. ಆದ್ದರಿಂದ ಹಂಪಣ್ಣನ ಉಪ್ಪು ವರ್ಷವೆಲ್ಲ ಕಾಯಬೇಕಾಯಿತು, ಮರುವರ್ಷದ ಕುಣಿಗೆ ಮೊದಲನೆಯ ಹಿಡಿ ಅವನದೇ. ಮೊದಲ ಉಪ್ಪು ಚಟಪಟ ಜೋರಾಗಿ ಸಿಡಿಯಿತು, ಹಿಂದೆ ನಿಂತವರು ನಕ್ಕರು, ಅದೂ ನೆನಪಿತ್ತು.

ತಹಸೀಲ್ದಾರರು ಪೆನ್ನು ಬಿಟ್ಟು ಕೇಳುತ್ತಿದ್ದರು. ಪರೀಕ್ಷಿಸಲೆಂದೋ ಖುಷಿಗೆಂದೋ, ಬಾಗಿಲಲ್ಲಿ ನಿಂತಿದ್ದ ಜವಾನ ಗದ್ದೆಪ್ಪನನ್ನು ತೋರಿಸಿ, ಇವನೂ ಮಸ್ಕಿಯವನೇ, ಇವನ ಉಪ್ಪು ಯಾವಾಗಿನದು ಎಂದರು. ಅವಳು ಗದ್ದೆಪ್ಪನ ಅವ್ವನ ಹೆಸರು ಕೇಳಿಕೊಂಡು, ದೊಡ್ಡ ಜ್ವರ ಬಂದು ಜನ ಸತ್ತ ವರ್ಷದ್ದು, ಏಳನೆಯ ಹಿಡಿ, ಅಂದಳು. ಹಾಗಾದರೆ ಮೂವತ್ತೈದಾಯಿತು, ದಫ್ತರದಲ್ಲಿ ಇಪ್ಪತ್ತೊಂಬತ್ತು ಎಂದಿದೆಯಲ್ಲೋ ಎಂದು ಸಾಹೇಬರು ನಕ್ಕರು. ಗದ್ದೆಪ್ಪ ನೀರು ತರುವ ನೆವದಲ್ಲಿ ಹೊರಗೆ ಹೋದ. ಹಂಪಣ್ಣ ನಗಲಿಲ್ಲ. ಅವನು ಮೆಚ್ಚಿಕೊಂಡ ಶಾಸನಗಳೆಲ್ಲ, ಸೂರ್ಯಚಂದ್ರರಿರುವವರೆಗೆ ಎಂದು ಕಲ್ಲಿನಲ್ಲಿ ಕೊರೆಸಿದ ರಾಜರೆಲ್ಲ, ಈ ಮುದುಕಿಯ ಮುಂದೆ ಯಾಕೋ ಸಣ್ಣವರಾಗಿ ಕಂಡರು. ನಲವತ್ತು ವರ್ಷದ ಕೂಸುಗಳನ್ನು ಸಾಲಾಗಿ ಎದೆಯಲ್ಲಿಟ್ಟುಕೊಂಡು ಅವಳು ಕೂಲಿಯವರ ಕ್ಯಾಂಪಿನ ಪಕ್ಕ ಕೂತಿದ್ದಾಳೆ. ಇಂಥವಳ ಬಾಯಿಗೆ ತಾನು ಒಂದು ದಿನವನ್ನು ತುರುಕಲು ಹೊರಟಿದ್ದೆ ಎಂದು ನಾಚಿಕೆಯಾಯಿತು. ಆ ನಾಚಿಕೆಯ ಕೆಳಗೇ, ಕೆಲಸವಾಯಿತು ಎಂಬ ಸಂತೋಷ ಕೂಡ ಇತ್ತು.

ದಿನಾಂಕ ಬರೆದು, ಉಳಿದ ಕಲಮು ತುಂಬುತ್ತ, ಈಗ ವಾಸ ಗೊರೇಬಾಳ ಎಂದೀಯ, ಮಸ್ಕಿ ಬಿಟ್ಟದ್ದು ಯಾವಾಗ ಎಂದರು ಸಾಹೇಬರು. ಬರೀ ಅರ್ಜಿಯ ಪ್ರಶ್ನೆ. ಖಾಸಿಂಬೀ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಇನ್ನೊಮ್ಮೆ ಕೇಳಿದರು.

"ನೆನಪಿಲ್ರೀ."

ತಹಸೀಲ್ದಾರರು ಪೆನ್ನನ್ನು ಮೇಜಿನ ಮೇಲಿಟ್ಟರು. "ಇಪ್ಪತ್ತೈದು ವರ್ಷದ ಹಿಂದಿನ ಉಪ್ಪು ನೆನಪೈತಿ, ಮೊನ್ನೆ ಮೊನ್ನೆ ಊರು ಬಿಟ್ಟದ್ದು ನೆನಪಿಲ್ಲ. ನಾ ಯಾವದನ್ನ ನಂಬಲಿ, ಅಮ್ಮಾ?"

ಅವಳು ನೆಲ ನೋಡುತ್ತಿದ್ದಳು. ಮರೆತವರು ಹಾಗೆ ನೋಡುವುದಿಲ್ಲ, ಮರೆತವರು ಮೇಲೆ ನೋಡಿ ಹುಡುಕುತ್ತಾರೆ. ಹಂಪಣ್ಣನಿಗೆ ತಿಳಿಯಿತು. ಯಾವಾಗ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದರೆ ಯಾರ ಬಾಗಿಲಿಗೂ ಹೋಗಲಿಲ್ಲವೇ ಎಂದು ಕೇಳುತ್ತಾರೆ. ಸೂಗಪ್ಪನ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅದನ್ನು ಹೇಳುವುದು ಅವಳಿಂದಾಗದು. ಅವನ ಮನೆಯ ಮಾನಕ್ಕೆಂದು ಅವಳು ಜೀವಮಾನದಲ್ಲೇ ಮೊದಲ ಸಲ ಮರೆತವಳಾಗಿದ್ದಳು, ಮರೆತು ಸಿಕ್ಕಿಬಿದ್ದಿದ್ದಳು. ವಯಸ್ಸಾಗಿದೆ ಸಾರ್ ಎಂದುಬಿಟ್ಟರೆ? ಹಾಗೆಂದರೆ ಅವಳ ಉಪ್ಪೂ ಹೋಯಿತು, ಅವಳ ಕೈಯಲ್ಲಿ ಹುಟ್ಟಿದ ಊರೂ ಹೋಯಿತು, ತನ್ನ ಕಾಗದವೂ ಹೋಯಿತು. ಸುಮ್ಮನಿದ್ದರೂ ಅಷ್ಟೇ.

"ಸೆಪ್ಟೆಂಬರ್ ಇಪ್ಪತ್ತೆರಡು, ನಲವತ್ತೆಂಟು" ಅಂದ ಅವನು. "ಬುಧವಾರ, ಮಧ್ಯಾಹ್ನ. ಅವ್ವಗ ನೆನಪೈತ್ರೀ, ಹೇಳಾಕ ಮನಸಿಲ್ಲ. ಅವತ್ತ ನಮ್ಮ ಬಾಗಿಲ ಮೂರು ಸಲ ಬಡದ್ಲು. ನಾ ಒಳಗಿದ್ದೆ. ಚಿಲಕದ ಮ್ಯಾಲ ಕೈ ಇತ್ತು, ತೆಗೀಲಿಲ್ಲ."

ಖಾಸಿಂಬೀ ತಲೆಯೆತ್ತಿ ಅವನನ್ನು ನೋಡಿದಳು. ತಹಸೀಲ್ದಾರರು ಪೆನ್ನು ಎತ್ತಿಕೊಂಡರು. ಆಮೇಲೆ ಆ ಕಲಮಿನಲ್ಲಿ ೧೯೪೮ರಿಂದ ಎಂದಷ್ಟೇ ಬರೆದು, ಮಸಿಯ ಡಬ್ಬಿ ಮುಂದೆ ಸರಿಸಿ, ಮುದುಕಿಯ ಹೆಬ್ಬೆರಳು ಒತ್ತಿಸಿಕೊಂಡು ಸಹಿ ಹಾಕಿ ಮೊಹರು ಹೊಡೆದರು. ಕಾಗದ ಕೈಗೆ ಬಂತು. ಹುಟ್ಟಿದ ದಿನ ಜುಲೈ ಎರಡು, ಸಾವಿರದ ಒಂಬೈನೂರ ಇಪ್ಪತ್ತೆಂಟು.

ಬಸ್ಸಿಗೆ ಕಾಯುವಾಗ ಅವನು ಚಹಾ ತಂದುಕೊಟ್ಟ, ಅವಳು ಕುಡಿದಳು. ಗಂಟು ಬಿಚ್ಚಿ ರೊಟ್ಟಿ ಕೊಟ್ಟಳು, ಅವನು ತಿಂದ. ಅವಳ ಹೆಬ್ಬೆರಳಿನಲ್ಲಿ ಮಸಿ ಹಾಗೇ ಇತ್ತು. ಬಸ್ಸಿನಲ್ಲಿ ಅವನ ಮನಸ್ಸು ತನ್ನ ಹಳೆಯ ಚಾಳಿ ಬಿಡದೆ ಕೆದಕುತ್ತಿತ್ತು. ಖರೇ ಮಾತು ಆಡಿದ್ದು ಅವಳ ಮಾನಕ್ಕೋ, ಕಾಗದಕ್ಕೋ? ಕಾಗದದ ಪ್ರಶ್ನೆ ಇರದಿದ್ದರೆ ಬಾಯಿ ಬಿಡುತ್ತಿದ್ದೆನೇ? ಆದರೂ ಎದೆ ಹಗುರಾಗಿತ್ತು, ಅವಳೂ ಹಗುರಾಗಿರಬೇಕು ಎಂದುಕೊಂಡ. ಹೇಳಿಬಿಟ್ಟದ್ದು ಒಳ್ಳೆಯದಾಯಿತು, ಈಗ ಇಬ್ಬರ ನಡುವೆ ಏನೂ ಇಲ್ಲ, ಎಂದು ತನ್ನಷ್ಟಕ್ಕೆ ಸಮಾಧಾನ ಮಾಡಿಕೊಂಡ. ಮಸ್ಕಿಯ ಗುಡ್ಡ ಕಂಡಾಗ, ಸಿಂಧನೂರಿನವರೆಗೂ ಬಂದು ಬಿಟ್ಟುಬರುತ್ತೇನೆ ಎಂದ. ಬೇಡ ಎಂದಳು. ಹಾಗಾದರೆ ಇಲ್ಲೇ ಇಳಿ, ಮನೆಗೆ ಬಾ, ಎಂದ. ಅದಕ್ಕೂ ಬೇಡ ಎಂದಳು, ಕ್ಯಾಂಪಿನಲ್ಲಿ ಯಮನಮ್ಮನಿಗೆ ದಿನ ತುಂಬಿವೆ. ಬಸ್ಸು ನಿಲ್ಲುತ್ತಿತ್ತು. ಅವನು ಎದ್ದು ನಿಂತ.

"ಬಾಗಿಲು ತೆಗೀಲಿಲ್ಲಂತ ನಂಗ ಸಿಟ್ಟಿರಲಿಲ್ಲೋ" ಅಂದಳು ಖಾಸಿಂಬೀ, ಅವನನ್ನು ನೋಡದೆ. "ನಿಮ್ಮಪ್ಪ ಅಂಜುಬುರುಕ, ಊರಿಗೇ ಗೊತ್ತು. ನೀ ಹೈದ್ರಾಬಾದಿನ್ಯಾಗ ಇದ್ದಿ ಅಂತ ತಿಳದಿದ್ದೆ. ಹಂಪಣ್ಣ ಮನ್ಯಾಗ ಇದ್ದಿದ್ರ ತೆಗೀತಿದ್ದ, ಅಂತ ಐದು ವರ್ಷ ಜೈನಾಬೀಗೆ ಹೇಳಿಕೋತ ಬಂದೆ."

ಕಂಡಕ್ಟರು ಇಳಿಯುವವರು ಬೇಗ ಇಳೀರಿ ಎನ್ನುತ್ತಿದ್ದ.

"ಹೋಗು, ಓದು. ನಿನ್ನ ಉಪ್ಪು ನಾ ಹಾಕೀನಿ, ಅದನ್ನ ಹೊಳ್ಳಿ ತಗಿಯಾಕ ಬರಂಗಿಲ್ಲ."

ಹೀಗಂದು ಅವಳು ಗಂಟನ್ನು ಅವನು ಎದ್ದ ಜಾಗದಲ್ಲಿಟ್ಟು, ಮೊದಲ ಸಲ ಕಿಟಕಿಯ ಹೊರಗೆ, ಬಜಾರಿನ ಕಡೆ ತಿರುಗಿದಳು. ಬಸ್ಸು ಸಿಂಧನೂರಿನ ಹಾದಿ ಹಿಡಿದು ಮರೆಯಾಗುವವರೆಗೂ ಅವನು ಅಲ್ಲೇ ನಿಂತಿದ್ದ. ಮೂರು ವರ್ಷದ ಖರ್ಚು, ಡಾಕ್ಟರೇಟು, ಕಲ್ಲುಗಳು, ಎಲ್ಲ ಜೇಬಿನಲ್ಲಿ ಮಡಚಿ ಭದ್ರವಾಗಿದ್ದವು. ಅವಳು ಐದು ವರ್ಷ ಮನಸ್ಸಿನಲ್ಲಿ ಸಾಕಿದ ಹಂಪಣ್ಣನೊಬ್ಬನಿದ್ದ, ಅವನನ್ನು ಇವನು ಇವತ್ತು ಮಧ್ಯಾಹ್ನ ಲಿಂಗಸುಗೂರಿನಲ್ಲಿ ಕೊಂದು ಬಂದಿದ್ದ. ಆದರೂ ಅವಳು ಹೆಬ್ಬೆರಳು ಒತ್ತಿದಳು. ಚಿಲಕದ ಮಾತು ಕೇಳಿದ ಮೇಲೇ ಒತ್ತಿದಳು.

ಅಂಗಡಿಗೆ ಅಪ್ಪ ಬೀಗ ಹಾಕಿದ್ದ, ಚಹಾಕ್ಕೆ ಮನೆಗೆ ಹೋಗಿರಬೇಕು. ಆ ಸೆಪ್ಟೆಂಬರಿನ ಮೇಲೆ ಅಪ್ಪ ಮನೆಯ ಬಾಗಿಲನ್ನು ಹಗಲಿನಲ್ಲೂ ಒಳಗಿನಿಂದ ಭದ್ರ ಮಾಡುತ್ತಾನೆ. ಹಂಪಣ್ಣ ಬಡಿದ. ಒಳಗೆ ಹೆಜ್ಜೆ ಸದ್ದಾಗಿ, ಬಾಗಿಲ ಹತ್ತಿರ ಬಂದು ನಿಂತಿತು. ಯಾರು ಎಂದು ಕೇಳಲಿಲ್ಲ, ಚಿಲಕ ತೆಗೆಯಲೂ ಇಲ್ಲ. ಹಲಗೆಯ ಆಚೆ ಅಪ್ಪ ಉಸಿರಾಡುವುದು ಕೇಳುತ್ತಿತ್ತು. ಒಳಗೆ ಯಾರಾದರೂ ನಿಂತರೆ ಹೊರಗೆ ಇಷ್ಟು ಚೆನ್ನಾಗಿ ಕೇಳುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಆವತ್ತು ಅವಳಿಗೂ ಕೇಳಿರಬೇಕು, ಅದು ಅಪ್ಪನ ಉಸಿರೆಂದೇ ತಿಳಿದುಕೊಂಡು ಹೋಗಿರಬೇಕು. ನಾನು, ಹಂಪಣ್ಣ, ಎನ್ನಲು ಬಾಯಿ ತೆರೆದ. ಹೆಸರು ಹೊರಗೆ ಬರಲಿಲ್ಲ. ಅವನು ಎರಡನೆಯ ಸಲ ಬಡಿದ.